ಪಿರಿಯಕ್ಕ

ಹೆಸರು ಫ್ರೀಡರೀಕೆ. ನಮ್ಮವರ ನಾಲಿಗೆಗೆ ಅದು ಹತ್ತಲಿಲ್ಲ.
ಮುತ್ತಜ್ಜಿ ಕರ್ಪಿ ಮೊದಲ ದಿನವೇ ಕರೆದಳಂತೆ: ಪಿರಿಯಕ್ಕ.
ಅಕ್ಕ ಎಂದರೇನು ಎಂದು ತಿಳಿದ ಮೇಲೆ
ಆಕೆ ಬೇಲಿಯಾಚೆ ಹೋಗಿ ಅತ್ತು ಬಂದಳಂತೆ.
ನಿಜದ ತಂಗಿಯೊಬ್ಬಳಿದ್ದಳು,
ಅದೇ ವರ್ಷ ಅಮೆರಿಕದ ಹಡಗು ಹತ್ತಿದವಳು.

ಸಿದ್ದಾಪುರದ ಕೆಳಗೆ, ಹೊಳೆ ಬಾಗುವಲ್ಲಿ
ಎಂಬತ್ತು ಎಕರೆ ಕಾಡು. ಎಂಬತ್ತು ಎಂಬುದು ಕಾಗದದ ಮಾತು;
ಎಲ್ಲಿ ಶುರು, ಎಲ್ಲಿ ಮುಗಿಯಿತು
ಎಂದು ಆನೆಗಳಿಗೆ ಯಾರೂ ಹೇಳಿರಲಿಲ್ಲ.
ಗಂಡ ಗೊಟ್ಲೀಬ್ ಬಡಗಿ. ಜರ್ಮನಿಯಿಂದ ಹೊತ್ತು ತಂದ ಗರಗಸ
ಬೀಟೆಮರಕ್ಕೆ ಹಾಕಿದ ವಾರದಲ್ಲೇ ಹಲ್ಲು ಕಳಕೊಂಡಿತು.
ಕಾಲುಚೀಲ ಬಿಚ್ಚಿದರೆ ಜಿಗಣೆ, ದ್ರಾಕ್ಷಿಯಷ್ಟು ದಪ್ಪ.
ಉಪ್ಪು ಹಾಕಿ ಎಂದಳು ಕರ್ಪಿ.
ಉಪ್ಪು ಗಂಜಿಗೇ ಸಾಲದು; ಸುಣ್ಣ ಹಚ್ಚಿದರು.

ತಂಗಿಯ ಕಾಗದ ಬರಲು ಏಳು ತಿಂಗಳು.
ಪಿರಿಯಕ್ಕ ಓದಿ, ಮುರುಕು ಕನ್ನಡದಲ್ಲಿ ಹೇಳುವಳು,
ಕರ್ಪಿ ಭತ್ತ ಕುಟ್ಟುತ್ತ ಹೂಂಗುಟ್ಟುವಳು.
"ಅಲ್ಲಿ ಮರವೇ ಇಲ್ಲವಂತೆ, ಕಣ್ಣು ಸೋಲುವವರೆಗೂ ಹುಲ್ಲು."
ಅಯ್ಯೋ, ಸೌದೆಗೆ?
"ಕಾಟಿಯಂಥದೊಂದು ಪ್ರಾಣಿ. ಅದರ ಒಣ ಸಗಣಿ."
ಬೆರಣಿ ತಾನೆ! ಅದಕ್ಕೇಕೆ ಅಳು?
"ಹುಲ್ಲುಬೇರಿನ ಮಣ್ಣನ್ನೇ ಕೊಯ್ದು ಗೋಡೆ, ಅದೇ ಮಾಡು.
ಹೊರಗೆ ಮಳೆ ನಿಂತರೂ ಒಳಗೆ ಎರಡು ದಿನ ಸೋರುತ್ತದಂತೆ.
ಮಿಡತೆ ಬಂದವಂತೆ. ಬೆಳೆ ತಿಂದು, ಕುಡುಗೋಲಿನ ಹಿಡಿ ಕಡಿದು,
ಹಗ್ಗದ ಮೇಲಿದ್ದ ಹಸಿರು ಲಂಗವನ್ನೂ ತಿಂದವಂತೆ."
ಆಗ ಒನಕೆ ನಿಂತಿತು. ಕರ್ಪಿ ಕೇಳಿದಳು:
ಆ ಹುಲ್ಲಿನಲ್ಲಿ ಮೊದಲು ಯಾರಿದ್ದರು?
ಪಿರಿಯಕ್ಕ ಕಾಗದ ತಿರುವಿ ನೋಡಿದಳು.
ಬರೆದಿರಲಿಲ್ಲ. ಕೇಳಿ ಬರೆಯುತ್ತೇನೆ ಎಂದಳು.

ಇಲ್ಲಿ ಕಾಫಿಗೆ ಬಿಳಿಕೊರಕ ಬಿತ್ತು. ಗಿಡ ಹಸಿರಾಗಿಯೇ ನಿಂತಿರುತ್ತದೆ,
ಕೈಯಿಟ್ಟರೆ ಲಟಕ್.
ಗೊಟ್ಲೀಬ್ ದಿನಾ ಎಣಿಸಿದ. ಆಮೇಲೆ ಎಣಿಸಲಿಲ್ಲ.
ಮಳೆ ಹಿಡಿಯುವ ಮುಂಚೆ ಚಳಿಜ್ವರ;
ಒಂಬತ್ತನೆಯ ದಿನ ಉಚ್ಚೆ ಕಪ್ಪಾಯಿತು, ಕಷಾಯದ ಹಾಗೆ.
ಹನ್ನೊಂದಕ್ಕೆ ಪೆಟ್ಟಿಗೆ, ಅವನೇ ಕೊಯ್ದಿಟ್ಟ ಹಲಗೆಯಲ್ಲಿ.
ಬೇರೆ ಬಡಗಿ ಎಲ್ಲಿದ್ದ? ಪಿರಿಯಕ್ಕನೇ ಮೊಳೆ ಹೊಡೆದಳು.
ಎರಡು ಬಾಗಿದವು.

ಆ ವರ್ಷ ಕಕ್ಕಡ ಹದಿನೆಂಟಕ್ಕೆ
ಕರ್ಪಿ ಮದ್ದುಸೊಪ್ಪಿನ ಪಾಯಸ ತಂದಳು,
ನೇರಳೆ ಬಣ್ಣ, ಬೆಲ್ಲ, ಕಾಯಿಹಾಲು.
ತಿನ್ನು ಎಂದಳು, ಅಷ್ಟೆ. ಊರಿಗೆಲ್ಲ ಗೊತ್ತಿರುವುದನ್ನು
ಯಾರು ಯಾರಿಗೆ ಬಿಡಿಸಿ ಹೇಳುತ್ತಾರೆ?
ಮರುದಿನ ಕೋಳಿ ಕೂಗುವ ಮುಂಚೆ ಬಾಗಿಲು ದಬದಬ.
ಬಿಚ್ಚಿದ ಕೂದಲು, ಕಂಕುಳಲ್ಲಿ ಬೈಬಲ್,
ಮಗುವನ್ನು ಕರ್ಪಿಯ ಮಡಿಲಿಗೆ ತುರುಕಿ
"ಕೆಂಪು. ನನಗೂ ಬಂತು. ಇವನನ್ನು ನೀನೇ ಸಾಕು."
ಕರ್ಪಿ ನಕ್ಕಳಂತೆ. ನಕ್ಕು ನಕ್ಕು ಜಗಲಿಗೆ ಕುಸಿದಳಂತೆ.
ನನ್ನದೂ ಕೆಂಪು, ನನ್ನ ಅತ್ತೆಯದೂ ಕೆಂಪು,
ಇವತ್ತು ಇಡೀ ಕೊಡಗಿನದೇ ಕೆಂಪು, ಮದ್ದು ಹಿಡಿದಿದೆ ಮಾರಾಯ್ತಿ!
ಪಿರಿಯಕ್ಕ ಮೊದಲು ಬೈದಳು, ಅವಳ ಭಾಷೆಯಲ್ಲಿ, ಬಹಳ ಹೊತ್ತು.
ಆಮೇಲೆ ನಕ್ಕಳೋ ಇಲ್ಲವೋ,
ಮುತ್ತಜ್ಜಿ ಹೇಳುವಾಗ ಒಂದೊಂದು ಸಲ ಒಂದೊಂದು ರೀತಿ.

ಮುಂದಿನ ಕಾಗದದ ಮಡಿಕೆಯಲ್ಲಿ ಒಂದು ಹಿಡಿ ಗೋಧಿ,
ಮಿಡತೆ ಬಿಟ್ಟು ಹೋದದ್ದು.
ಅದು ತಲುಪುವಷ್ಟರಲ್ಲಿ ಎತ್ತಿನ ಗಾಡಿ
ತಾಯಿ ಮಗುವನ್ನು ಹೊತ್ತು ಕಣ್ಣಾನೂರಿನ ಘಟ್ಟ ಇಳಿದಾಗಿತ್ತು.
ಕರ್ಪಿ ಗೋಧಿಯನ್ನು ಗೊಟ್ಲೀಬನ ತಲೆದೆಸೆಗೆ ಬಿತ್ತಿದಳು.
ಮೊಣಕಾಲೆತ್ತರ ಬಂತು, ತೆನೆ ಕಟ್ಟುವ ಮೊದಲೇ
ನಮ್ಮ ಮಳೆಯಲ್ಲಿ ಕೊಳೆಯಿತು.

ಕಾಗದ ನಮ್ಮಲ್ಲೇ ಇದೆ, ಒಂದು ಮೂಲೆ ಇಲಿ ತಿಂದಿದೆ.
ಆ ಲಿಪಿ ಓದಬಲ್ಲವರು ಯಾರಾದರೂ ಸಿಕ್ಕರೆ ಓದಿಸಬೇಕು.
ಕರ್ಪಿ ಕೇಳಿದ್ದಕ್ಕೆ
ಉತ್ತರ ಅದರಲ್ಲಿ ಇದ್ದರೂ ಇರಬಹುದು.